ಬೋರಯ್ಯನ ಎಡೆಗೆ ಹಸಿರು ದೀಪ

ಒಣಮೀನಿನ ಪುಡಿಯನ್ನು ರಾಗಿಹಿಟ್ಟಿಗೆ ಬೆರೆಸುವಾಗ ಮೂಗಿಗೆ ಸೆರಗು ಕಟ್ಟಿಕೊಳ್ಳಬೇಕು. ಇಲ್ಲದಿದ್ದರೆ ಒಂದು ಸೀನಿಗೆ ಹಿಟ್ಟೆಲ್ಲ ಹಾರಿಹೋಗುತ್ತದೆ. ಅಂದು ನಾನು ಮೂಗು ಕಟ್ಟಿಕೊಂಡು, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಎರಡನೇ ಬೇಸಿನ್ ನಾದುತ್ತಿದ್ದೆ. ರಾಗಿ ಮೂರು ಪಾಲು, ಕಡಲೆಕಾಯಿ ಹಿಂಡಿ ಎರಡು ಪಾಲು, ಒಣಮೀನು ಒಂದು ಪಾಲು, ಇದು ದಿನದ ಅಳತೆ. ಅಂದು ಮಾತ್ರ ಫ್ಲೇವಿಯಾ ಮೇಡಂ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೀನು ಎರಡು ಪಾಲು ಹಾಕಿ ಅಂದರು. ನಾಳೆ ಮಹಾಲಯ ಅಮಾವಾಸ್ಯೆ, ಕಾಗೆಗಳಿಗೆ ಊರೆಲ್ಲ ಊಟ, ನಮ್ಮ ಉಂಡೆ ಅದಕ್ಕಿಂತ ರುಚಿಯಾಗಿರಬೇಕು ಅಂದರು. ನಾನು ಕೈ ತೂಕದಲ್ಲಿ ಇನ್ನೊಂದು ಹಿಡಿ ಜಾಸ್ತಿಯೇ ಹಾಕಿದೆ. ಮುಂದೆ ನಡೆದದ್ದರಲ್ಲಿ ಆ ಹಿಡಿಯ ಪಾಲೂ ಇದೆ.

ನಮ್ಮೂರು ಕಡವಿನಕಟ್ಟೆ. ಸೇತುವೆ ಬರುವ ಮೊದಲು ಇಲ್ಲಿ ಜನ ಹರಿಗೋಲಿನಲ್ಲಿ ಕಾವೇರಿ ದಾಟುತ್ತಿದ್ದರು. ಈಗ ಹೊಳೆಯ ಅಂಚಿನಲ್ಲಿ ಇಪ್ಪತ್ತು ಕಾಗೆಗೂಡುಗಳಿವೆ. ಗೂಡು ಎಂದರೆ ಕಾಗೆ ಮೊಟ್ಟೆ ಇಡುವ ಗೂಡಲ್ಲ. ಆಳೆತ್ತರದ ತಗಡಿನ ಪೆಟ್ಟಿಗೆ, ನೆತ್ತಿಯ ಮೇಲೊಂದು ದೀಪ, ಎದುರಿಗೆ ಎರಡು ತೂತು. ದೀಪ ಹಸಿರಾಗಿ ಉರಿಯುವಾಗ ಕಾಗೆ ಒಂದು ಪ್ಲಾಸ್ಟಿಕ್ ಚೂರು ತಂದು ಮೇಲಿನ ತೂತಿಗೆ ಹಾಕಿದರೆ ಕೆಳಗಿನ ತೂತಿನಿಂದ ಒಂದು ಉಂಡೆ ಉರುಳಿ ಬರುತ್ತದೆ. ದೀಪ ಆರಿದ್ದಾಗ ಏನು ತಂದರೂ ಏನೂ ಇಲ್ಲ. ದೀಪ ಇದ್ದಾಗಲೂ ಎಲೆ ಹಾಕಿದರೆ ಇಲ್ಲ. ಎಲೆ ಯಾವುದು, ಪ್ಲಾಸ್ಟಿಕ್ ಯಾವುದು ಎಂದು ಒಳಗಿರುವ ಒಂದು ಕಣ್ಣು ನೋಡುತ್ತದೆ.

ಮೂರು ವರ್ಷದಲ್ಲಿ ಹೊಳೆಯಂಚು ಕನ್ನಡಿಯಂತಾಯಿತು. ಕಾಗೆಗಳೂ ಕಲಿತವು, ಕಲಿಯಬಾರದ್ದನ್ನೂ ಕಲಿತವು. ಮದುವೆ ಮಂಟಪದಲ್ಲಿ ಐಸ್‌ಕ್ರೀಂ ತಿಂದು ಮುಗಿಸುವ ಮೊದಲೇ ಜನರ ಕೈಯಿಂದ ಚಮಚ ಕಿತ್ತುಕೊಂಡು ಬಂದವು. ಕುತ್ತಿಗೆ ಬೂದಿಬಣ್ಣದ ಒಂದು ಮುದಿ ಕಾಗೆ ಒಂದು ಕವರ್ ಸಿಕ್ಕಿದರೆ ಕಾಲಲ್ಲಿ ಒತ್ತಿಕೊಂಡು ನಾಲ್ಕು ಚೂರು ಮಾಡಿ, ಒಂದೊಂದಾಗಿ ಹಾಕಿ ನಾಲ್ಕು ಉಂಡೆ ತಿನ್ನುತ್ತಿತ್ತು. ಅದಕ್ಕೆ ನಾನೇ ಶಾನುಭೋಗ ಎಂದು ಹೆಸರಿಟ್ಟೆ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮೇಡಂ ಅವರನ್ನು ಕೇಳಿದ್ದೆ, ದೀಪ ಉರಿಯುತ್ತಲೇ ಇರುತ್ತದೆ, ಒಂದೊಂದು ದಿನ ಕಾಗೆ ಯಾಕೆ ಬರುವುದಿಲ್ಲ ಎಂದು. ಅವರು ಮಂಗಳೂರಿನವರು. ಪ್ರಾಣಿ ಪಕ್ಷಿ ಮನುಷ್ಯರು ಯಾವಾಗ ಏನು ಮಾಡುತ್ತಾರೆ, ಯಾಕೆ ಮಾಡುತ್ತಾರೆ ಎಂಬುದನ್ನೇ ಓದಿ ಡಾಕ್ಟರಾದವರು.

"ಎರಡು ಪ್ರಶ್ನೆ ಉಂಟು ಕೆಂಪಾಜಮ್ಮ," ಅಂದರು. "ಸಿಗ್ತದಾ ಅಂತ ಒಂದು, ಬೇಕಾ ಅಂತ ಒಂದು. ಸಿಗ್ತದಾ ಅನ್ನೋದಕ್ಕೆ ದೀಪ ಉತ್ತರ ಹೇಳ್ತದೆ. ಬೇಕಾ ಅನ್ನೋದಕ್ಕೆ ಹೊಟ್ಟೆ. ಅದೆರಡನ್ನೂ ಒಂದೇ ಅಂದ್ಕೊಂಡ್ರೆ ನಮ್ಮ ಕೆಲಸ ಕೆಟ್ಟಿತು."

ನಾನು ನಮ್ಮ ಬೀದಿಯ ನಲ್ಲಿಯನ್ನು ನೆನೆಸಿಕೊಂಡೆ. ನಲ್ಲಿ ಬುಸುಗುಟ್ಟಿದರೆ ನೀರು ಬರುತ್ತದೆಂಬ ಗುರುತು. ಆದರೆ ಬಾಯಾರುವುದು ಉಪ್ಪಿನಕಾಯಿ ತಿಂದವರಿಗೆ. ಬುಸುಗುಟ್ಟುವ ನಲ್ಲಿ ಬಾಯಾರಿಕೆ ತರುವುದಿಲ್ಲ, ಉಪ್ಪಿನಕಾಯಿ ನೀರು ತರುವುದಿಲ್ಲ. ಹಾಗಂದಾಗ ಮೇಡಂ ನಕ್ಕು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ಹೋದ ವರ್ಷದ ಅಮಾವಾಸ್ಯೆಯಂದು ಈ ಹೊಟ್ಟೆಯೇ ಅವರಿಗೆ ಕೈಕೊಟ್ಟಿತ್ತು. ಮನೆಮನೆಯ ಎಡೆ ತಿಂದು ಕಾಗೆಗಳು ಒಂದು ಬುಟ್ಟಿ ಚೂರೂ ತರಲಿಲ್ಲ. ವರ್ಷದಲ್ಲೆಲ್ಲ ಅತಿ ಹೆಚ್ಚು ಕಸ ಬೀಳುವುದು ಅದೇ ದಿನ. ಅದಕ್ಕೇ ಈ ವರ್ಷ ಎರಡು ಪಾಲು ಮೀನು, ಅದಕ್ಕೇ ಸೂರ್ಯ ಹುಟ್ಟುವ ಮೊದಲೇ ದೀಪ.

ಅಮಾವಾಸ್ಯೆಯ ದಿನ ಉಂಡೆ ತುಂಬಿಸಿಟ್ಟು ಹತ್ತು ಗಂಟೆಗೆ ಮನೆಗೆ ಬಂದೆ. ನಮ್ಮದು ಹರಿಗೋಲು ಬೀದಿ. ಹಿರಿಯರ ಹಬ್ಬದ ದಿನ ಇಲ್ಲಿ ಯಾರೂ ಬೆಳಗಿನಿಂದ ತಿನ್ನುವುದಿಲ್ಲ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಾಳೆಲೆಯಲ್ಲಿ ಬಡಿಸಿ, ಹೊತ್ತು ನೆತ್ತಿಗೆ ಬರುವಾಗ ಮಹಡಿ ಮೇಲೆ ಇಡುತ್ತಾರೆ. ಅದೇ ಎಡೆ. ಕಾಗೆ ಬಂದು ಮುಟ್ಟಿದರೆ ಹಿರಿಯರು ಉಂಡರು ಎಂದು ಲೆಕ್ಕ, ಆಮೇಲೆ ಮನೆಯವರ ಊಟ. ಮುಟ್ಟದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ ಎಂದು ಅರ್ಥ.

ಅಂದು ಒಂದು ಕಾಗೆಯೂ ಬರಲಿಲ್ಲ.

ಹನ್ನೆರಡೂವರೆಗೆ ಬೀದಿಯ ಎಲ್ಲ ಮಹಡಿಯ ಮೇಲೂ ಜನ. ಕೊಡೆ ಹಿಡಿದು ನಿಂತಿದ್ದ ಪುಟ್ಟಮಾದಯ್ಯ ಮೇಷ್ಟ್ರು ಮೊದಲು ಮೆಲ್ಲಗೆ ಕಾ ಕಾ ಅಂದರು. ಎದುರುಮನೆಯವರು ಅದಕ್ಕಿಂತ ಜೋರಾಗಿ ಅಂದರು. ಸ್ವಲ್ಪ ಹೊತ್ತಿಗೆ ಬೀದಿಗೆ ಬೀದಿಯೇ ಕಾ ಕಾ ಎಂದು ಕೂಗುತ್ತಿತ್ತು, ಆಕಾಶ ಮಾತ್ರ ಸುಮ್ಮನಿತ್ತು. ಕೆಳಗೆ ಕೋಳಿಸಾರಿನ ಘಮ, ಮೇಲೆ ಬಿಸಿಲು, ನಡುವೆ ಹಸಿದ ಜನ. ಮಕ್ಕಳು ಒಂದೊಂದೇ ವಡೆ ಎತ್ತಿ ಲಂಗದಲ್ಲಿ ಮುಚ್ಚಿಟ್ಟುಕೊಂಡು ಸಿಕ್ಕಿಬಿದ್ದರು. ಹಸುವಿಗೆ ಕೊಟ್ಟರೂ ನಡೆಯುತ್ತದೆ ಎಂಬ ಶಾಸ್ತ್ರ ಮೇಷ್ಟ್ರಿಗೆ ಸರಿಯಾಗಿ ಒಂದು ಗಂಟೆಗೆ ನೆನಪಾಯಿತು. ಬೀದಿಯಲ್ಲಿದ್ದದ್ದು ಒಂದೇ ಹಸು. ಐದಾರು ಮನೆಯ ಎಡೆಯಾದ ಮೇಲೆ ಅದೂ ಮುಖ ತಿರುಗಿಸಿತು. ಉಳಿದವರು ಹೊಳೆಗೆ ಬಿಟ್ಟು ಕೈಮುಗಿದು ಊಟಕ್ಕೆ ಕೂತರು.

ಕೂರದವಳು ಮಂಚಮ್ಮ ಒಬ್ಬಳೇ. ನನ್ನ ಪಕ್ಕದ ಮನೆಯವಳು, ನನಗಿಂತ ನಾಲ್ಕು ವರ್ಷ ದೊಡ್ಡವಳು. ನಾನು ಮಂಚಕ್ಕ ಎಂದೇ ಕರೆಯುವುದು. ಗಂಡ ಬೋರಯ್ಯ ಹರಿಗೋಲು ಹಾಕುತ್ತಿದ್ದವನು. ಅವನು ತೀರಿ ವರ್ಷ ತುಂಬಿದ ಮೇಲೆ ಇದು ಮೊದಲ ಮಹಾಲಯ ಅಮಾವಾಸ್ಯೆ. ಅವಳ ಮಹಡಿ ಮೇಲೆ ಎಲೆಯಲ್ಲಿ ಮುದ್ದೆ, ನಾಟಿಕೋಳಿ ಸಾರು, ವಡೆ, ಕಜ್ಜಾಯ, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಅವಳು ನೀರಿನ ತೊಟ್ಟಿಯ ನೆರಳಲ್ಲಿ ಕೂತು ಆಕಾಶ ನೋಡುತ್ತಿದ್ದಳು. ಬೆಳಗ್ಗೆ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಏನೂ ತಿನ್ನದೆ ಇದ್ದಳು, ಸಕ್ಕರೆ ಇಳಿದು ಕೈ ಸಣ್ಣಗೆ ನಡುಗುತ್ತಿತ್ತು. ನೀರಿಗೊಂದು ಚೂರು ಬೆಲ್ಲ ಕದಡಿ ಕೊಟ್ಟರೆ ನೀರು ಅಂತ ಕುಡಿದಳು, ಊಟ ಮಾತ್ರ ಬೇಡವೆಂದಳು.

"ಅವ್ರು ಬರಾಕಿಲ್ಲ ಕೆಂಪಿ," ಅಂದಳು. "ಆ ಕಾಗ್ದ ಹಾಕ್ಲಿಲ್ವಲ್ಲ ನಾನು, ಅದ್ಕೇಯ."

ಆ ಕಾಗದ ನನಗೆ ಗೊತ್ತು. ಹನ್ನೊಂದು ವರ್ಷದ ಹಿಂದೆ ರಾತ್ರಿ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತೆವು. ನಿಮಗೆ ಬೇಕಾದವರಿಗೆ ಒಂದು ಕಾಗದ ಬರೆಯಿರಿ ಎಂಬುದು ಕೊನೆಯ ಪಾಠ. ಮಂಚಕ್ಕ ಮಳವಳ್ಳಿಯಲ್ಲಿರುವ ತಂಗಿ ನಿಂಗಾಜಮ್ಮನಿಗೆ ಬರೆದಳು. ನಿಂಗಾಜಮ್ಮ ಮಗಳ ಮದುವೆಗೆ ಅಕ್ಕನನ್ನು ಕುಂಕುಮವಿಟ್ಟು ಕರೆಯಲು ತಾನೇ ಬರದೆ, ಲಗ್ನಪತ್ರಿಕೆಯನ್ನು ಬಸ್ ಕಂಡಕ್ಟರ್ ಕೈಲಿ ಕಳಿಸಿದ್ದಳು. ಇವಳು ಮದುವೆಗೆ ಹೋಗಲಿಲ್ಲ. ಅಲ್ಲಿಂದ ಮಾತಿಲ್ಲ. ಇಬ್ಬರ ಮನೆಯಲ್ಲೂ ಫೋನಿದೆ, ಆದರೆ ಹಲೋ ಎಂದು ಯಾರು ಮೊದಲು ಅನ್ನಬೇಕು ಎಂಬುದೇ ತೀರ್ಮಾನವಾಗಲಿಲ್ಲ. ಬರೆದ ಕಾಗದವನ್ನು ಮಂಚಕ್ಕ ಟ್ರಂಕಿನಲ್ಲಿಟ್ಟಳು. ಅವಳ ಕಡೆಯಿಂದ ಒಂದು ಸುಳಿವು ಸಿಗಲಿ, ಹಾಕುತ್ತೇನೆ ಅನ್ನುತ್ತಿದ್ದಳು. ಬೋರಯ್ಯ ಸಾಯುವ ವಾರದವರೆಗೂ ಆ ಕಾಗ್ದ ಹಾಕಮ್ಮಿ ಎಂದು ಹೇಳುತ್ತಲೇ ಇದ್ದ. ಅವನ ಮಣ್ಣಿಗೆ ನಿಂಗಾಜಮ್ಮ ಬಂದು ಬೀದಿಯಲ್ಲೇ ನಿಂತಿದ್ದಳು. ಒಳಗೆ ಬಾ ಎಂದು ಕರೆಯುವವರು ಇರಲಿಲ್ಲ, ಹಾಗೇ ಹೋದಳು.

ನಾಳೆ ಹಾಕುವೆಯಂತೆ, ಈಗ ಉಣ್ಣು ಎಂದು ನಾನು ಬೇಡಿಕೊಂಡೆ.

"ಅವ್ರು ಮುಟ್ಲಿ. ಮುಟ್ಟುದ್ರೆ ನಾಳೆ ಬೆಳಿಗ್ಗೇನೇ ಹಾಕ್ತೀನಿ, ಅವ್ರಾಣೆ. ಅಲ್ಲೀಗಂಟ ನೀನು ನಿನ್ ಊಟ ನೋಡ್ಕೊ."

ಬಿಸಿಲಿಗೆ ಮುಖ ಒರೆಸಿಕೊಳ್ಳಲು ಕೈ ಎತ್ತಿದೆ. ಎರಡು ಸಲ ಸೋಪು ಹಾಕಿ ತೊಳೆದ ಕೈಯಲ್ಲಿ ಇನ್ನೂ ಒಣಮೀನಿನ ವಾಸನೆ. ಆಗ ಹೊಳೆಯಿತು, ನಮ್ಮೂರ ಹಿರಿಯರೆಲ್ಲ ಎಲ್ಲಿ ಕೂತು ಉಣ್ಣುತ್ತಿದ್ದಾರೆ ಎಂದು.

ಓಡುವ ವಯಸ್ಸಲ್ಲ, ಆದರೂ ಓಡಿದೆ. ಮರಿಕಾಗೆಗಳಿಗೆ ಪಾಠ ಹೇಳುವಾಗ ಬಳಸುವ ಒಂದು ಕೈದೀಪ ಹೊಳೆಯಂಚಿನ ನಮ್ಮ ಉಂಡೆ ಅಡುಗೆಮನೆಯಲ್ಲಿರುತ್ತದೆ. ಲೋಟದಷ್ಟು ಗಾತ್ರ, ಗುಂಡಿ ಒತ್ತಿದರೆ ಗೂಡಿನ ದೀಪದಂಥದೇ ಹಸಿರು. ಅದನ್ನು ಸೆರಗಿನಲ್ಲಿ ಮುಚ್ಚಿ ತಂದು, ಮಂಚಕ್ಕ ಆ ಕಡೆ ನೋಡುವಾಗ ತೊಟ್ಟಿಯ ಹಿಂದಿಟ್ಟು ಗುಂಡಿ ಒತ್ತಿದೆ.

ಹತ್ತು ನಿಮಿಷದಲ್ಲಿ ಒಂದು ಕಾಗೆ ಬಂತು. ಮಂಚಕ್ಕ ನೆಟ್ಟಗೆ ಕೂತಳು. ಅದು ಎಲೆಯ ಸುತ್ತ ಎರಡು ಹೆಜ್ಜೆ ಕುಪ್ಪಳಿಸಿ, ಕತ್ತು ಓರೆ ಮಾಡಿ ಮುದ್ದೆ ನೋಡಿತು, ಸಾರು ನೋಡಿತು, ಕೊಕ್ಕನ್ನು ಗೋಡೆಗೆ ಈ ಕಡೆ ಆ ಕಡೆ ಉಜ್ಜಿಕೊಂಡು ಹಾರಿಹೋಯಿತು.

"ನೋಡ್ದಾ, ಬಂದ್ರು," ಅಂದಳು ಮಂಚಕ್ಕ. ದನಿ ಇಳಿದಿತ್ತು. "ಬಂದು ನೋಡಿ, ಬ್ಯಾಡ ಅಂತ ಹೋದ್ರು."

ಆ ಕಾಗೆ ಬಾರದೆ ಇದ್ದಿದ್ದರೇ ಚೆನ್ನಾಗಿತ್ತು. ಕಾಗೆಯನ್ನು ಕರೆಯುವ ಆತುರದಲ್ಲಿ ನಾನು ಎರಡನೇ ಪ್ರಶ್ನೆಯನ್ನು ಮರೆತಿದ್ದೆ.

ಮತ್ತೆ ಹೊಳೆಯಂಚಿಗೆ ಹೋದಾಗ ಫ್ಲೇವಿಯಾ ಮೇಡಂ ಪರದೆಗಳ ಕೋಣೆಯಲ್ಲಿ ಖುಷಿಯಾಗಿ ಕೂತಿದ್ದರು. ಇಪ್ಪತ್ತು ಗೂಡಿಗೆ ಇಪ್ಪತ್ತು ಪರದೆ. ಎಲ್ಲದರಲ್ಲೂ ಹೊಟ್ಟೆ ಬಿರಿಯುವಂತೆ ತಿಂದ ಕಾಗೆಗಳು ತಂತಿಯ ಮೇಲೆ, ಗೋಡೆಯ ಮೇಲೆ ಬಾಯಿ ತೆರೆದು ಕೂತಿದ್ದವು. ಒಂದೆರಡು ಇನ್ನೂ ಒತ್ತಾಯದ ಊಟ ಮಾಡುತ್ತಿದ್ದವು. ಎರಡು ಪಾಲು ಮೀನು ಗೆದ್ದಿತು, ಹೋದ ವರ್ಷಕ್ಕಿಂತ ಮೂವತ್ತು ಪಟ್ಟು ಕಸ ಬಂತು ಎಂದು ಮೇಡಂ ನನ್ನ ಕೈ ಕುಲುಕಿದರು. ನಾನು ಬೀದಿಯ ಕಥೆ ಹೇಳಿದೆ. ಕಾ ಕಾ ಎಂದು ಕೂಗಿದ್ದು ಹೇಳಿದಾಗ ನಗು ತಡೆಯಲು ನೋಡಿದರು, ಮಂಚಕ್ಕನ ವಿಷಯ, ತೊಟ್ಟಿಯ ಹಿಂದಿಟ್ಟ ಕೈದೀಪದ ವಿಷಯ ಹೇಳಿದಾಗ ನಗು ತಾನೇ ನಿಂತಿತು.

"ಅಯ್ಯೋ, ಎಂತ ಮಾಡಿದೆ ನಾನು," ಅಂದರು. "ಊರಿನ ಎಡೆ ನಮ್ಮ ಉಂಡೆಗೆ ಅಡ್ಡ ಬರ್ತದೆ ಅಂತ ಲೆಕ್ಕ ಹಾಕಿದೆ. ನಮ್ಮ ಉಂಡೆ ಅವರ ಎಡೆಗೆ ಅಡ್ಡ ಹೋಗ್ತದೆ ಅಂತ ಹಾಕ್ಲೇ ಇಲ್ಲ."

ಇಷ್ಟು ಹೇಳಿ ಎದ್ದು, ಇಪ್ಪತ್ತು ಗುಂಡಿಗಳನ್ನು ಒಂದಾದ ಮೇಲೊಂದು ಒತ್ತಿದರು. ಪರದೆಗಳಲ್ಲಿ ಹಸಿರು ದೀಪಗಳು ಸಾಲಾಗಿ ಆರಿದವು. ವರ್ಷದ ದೊಡ್ಡ ದಿನ, ಬೆಂಗಳೂರಿನ ಆಫೀಸಿನವರು ಕೇಳಿದರೆ ಏನು ಹೇಳುತ್ತೀರಿ ಎಂದೆ. ವರದಿಯಲ್ಲಿ ಊಟದ ವಿರಾಮ ಎಂದು ಬರೆಯುತ್ತೇನೆ, ಯಾರ ಊಟ ಎಂದು ಬರೆಯುವುದಿಲ್ಲ ಅಂದರು. ಆಮೇಲೆ ವಿವರಿಸಿದರು. ಕಾಗೆಯ ಹೊಟ್ಟೆ ಬೇಗ ಕರಗುತ್ತದೆ, ರಾತ್ರಿ ಮಲಗಲು ಮರಕ್ಕೆ ಮರಳುವ ಮೊದಲು ಅವು ಇನ್ನೊಮ್ಮೆ ತಿನ್ನಲೇಬೇಕು, ನಾಲ್ಕೂವರೆಗೆ ಹಸಿವು ಬರುತ್ತದೆ. ಹಸಿದ ಮೇಲೂ ಎತ್ತ ಹೋಗಬೇಕೆಂದು ತಿಳಿಯಬೇಕು. ಮೂರು ವರ್ಷದಿಂದ ಅವು ಹಸಿರಿದ್ದ ಕಡೆ ಊಟ ಎಂದು ಕಲಿತಿವೆ. ಊರಲ್ಲೆಲ್ಲ ಆಗ ಒಂದೇ ಹಸಿರು ದೀಪ ಇರುತ್ತದೆ, ಅದು ತೊಟ್ಟಿಯ ಹಿಂದೆ. ಹೀಗೆ ಮಾಡಿದರೆ ಕಾಗೆಗಳ ಪಾಠ ಕೆಡುವುದಿಲ್ಲವೇ ಎಂದೆ. ಒಂದು ದಿನ ಕೆಟ್ಟರೆ ಕೆಡಲಿ ಅಂದರು.

ನಾನು ಹೊರಟಾಗ ಒಂದು ಮಾತು ಕೇಳಿದರು.

"ದೀಪದ ವಿಷಯ ಅವರಿಗೆ ಹೇಳ್ತೀರಲ್ಲ?"

ನಾನು ಚಪ್ಪಲಿ ಹುಡುಕುವವಳಂತೆ ಬಗ್ಗಿದೆ. ಹೇಳಿದರೆ, ಬೋರಯ್ಯನಿಗೆ ಸಿಟ್ಟೂ ಇಲ್ಲ ಆಸೆಯೂ ಇಲ್ಲ, ಕಾಗೆಗೆ ಹೊಟ್ಟೆ ತುಂಬಿತ್ತು ಅಷ್ಟೆ ಎಂದು ಮಂಚಕ್ಕನಿಗೆ ತಿಳಿಯುತ್ತದೆ. ಕಾಗದ ಮತ್ತೆ ಟ್ರಂಕಿನ ತಳಕ್ಕೆ ಹೋಗುತ್ತದೆ. ಹೇಳದಿದ್ದರೆ ನಾಳೆ ಬೆಳಗ್ಗೆ ಅಂಚೆಡಬ್ಬಿಗೆ ಹೋಗುತ್ತದೆ. ಒಂದು ಸುಳ್ಳಿಗೆ ಇಬ್ಬರು ಅಕ್ಕತಂಗಿಯರು ಸಿಗುವುದಾದರೆ ದುಬಾರಿಯಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಹಾಗೆ ಮೂರು ಸಲ ಹೇಳಿಕೊಳ್ಳಬೇಕಾಯಿತು.

ಮಹಡಿಯಲ್ಲಿ ಅವಳ ಪಕ್ಕ ಕೂತೆ. ಗಂಟೆಗೊಮ್ಮೆ ಬೆಲ್ಲದ ನೀರು ಕುಡಿಸಿದೆ. ಬೋರಯ್ಯ ಹರಿಗೋಲಿನಲ್ಲಿ ಮದುವೆ ದಿಬ್ಬಣ ದಾಟಿಸುತ್ತ ನಡುಹೊಳೆಯಲ್ಲಿ ಹರಿಗೋಲನ್ನು ಗಿರಗಿರ ತಿರುಗಿಸಿ ಹೆಣ್ಣಿನ ಸೋದರಮಾವನಿಗೆ ವಾಂತಿ ಮಾಡಿಸಿದ ಕಥೆ ಹೇಳಿ ಇಬ್ಬರೂ ನಕ್ಕೆವು. ನಾಲ್ಕಾಯಿತು. ನಾಲ್ಕೂವರೆಯಾಯಿತು. ಬಿಸಿಲು ಹಳದಿಯಾಯಿತು.

ರೆಕ್ಕೆಯ ಸದ್ದು ಕೇಳಿತು. ಬೂದಿ ಕುತ್ತಿಗೆ. ಶಾನುಭೋಗ.

ಕೊಕ್ಕಿನಲ್ಲಿ ಏನೋ ಹೊಳೆಯಿತು. ಅದು ನೇರವಾಗಿ ಎಲೆಯ ಅಂಚಿಗೆ ಬಂದಿಳಿದು, ಗಂಭೀರವಾಗಿ ಎರಡು ಹೆಜ್ಜೆ ನಡೆದು, ಒಂದು ಶಾಂಪೂ ಪೊಟ್ಟಣವನ್ನು ಮುದ್ದೆಯ ನೆತ್ತಿಯ ಮೇಲೆ ಇಟ್ಟಿತು. ಒಂದು ಕ್ಷಣ ಕಾದು ನೋಡಿತು. ಉಂಡೆ ಉರುಳಲಿಲ್ಲ. ಕೊನೆಗೆ ತಾನೇ ಒಂದು ದೊಡ್ಡ ಕೋಳಿತುಂಡು ಎತ್ತಿಕೊಂಡಿತು. ಅದರ ಹಿಂದೆಯೇ ಇನ್ನೂ ಮೂರು ಬಂದವು. ಒಂದರ ಬಾಯಲ್ಲಿ ಬಾಟಲಿ ಮುಚ್ಚಳ, ಒಂದರ ಬಾಯಲ್ಲಿ ಐಸ್‌ಕ್ರೀಂ ಚಮಚ, ಒಂದರ ಬಾಯಲ್ಲಿ ಕವರಿನ ಚೂರು. ಎಲ್ಲವೂ ಕ್ರಮವಾಗಿ ತಮ್ಮ ತಮ್ಮ ಚೂರನ್ನು ಎಲೆಯ ಮೇಲೆ ಒಪ್ಪಿಸಿ ಆಮೇಲೆ ಊಟಕ್ಕೆ ಕೂತವು.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಊರಿಗೆಲ್ಲ ಗೊತ್ತಿರುವ ಸಂಗತಿ, ಕಾಗೆ ಪ್ಲಾಸ್ಟಿಕ್ ತರುವುದು ಹಸಿರು ದೀಪಕ್ಕೆ ಮಾತ್ರ.

ಮಂಚಕ್ಕ ಶಾಂಪೂ ಪೊಟ್ಟಣವನ್ನೇ ನೋಡುತ್ತಿದ್ದಳು. ಅವಳ ಭುಜ ಅಲುಗತೊಡಗಿತು. ಅಳುತ್ತಿದ್ದಾಳೆಂದು ಹೆದರಿದೆ, ಅವಳು ನಗುತ್ತಿದ್ದಳು.

"ಬದುಕಿದ್ದಾಗ ಒಂದಿನ ಕೈಲಿ ಏನೂ ಹಿಡ್ಕೊಂಡು ಬಂದೋರಲ್ಲ ನಮ್ಮನೇರು," ಅಂದಳು. "ಸತ್ಮ್ಯಾಲೆ ಸ್ಯಾಂಪು ತಂದವ್ರೆ."

ನಗುತ್ತಲೇ ಎದ್ದು, ಸುತ್ತ ಕಣ್ಣಾಡಿಸಿ, ಗೋಡೆ ಹಿಡಿದು ತೊಟ್ಟಿಯ ಹಿಂದಕ್ಕೆ ಹೋಗಿ ದೀಪ ಎತ್ತಿಕೊಂಡು ಬಂದಳು. ನಾನು ಎಲ್ಲವನ್ನೂ ಹೇಳಿಬಿಟ್ಟೆ, ಎರಡು ಪಾಲು ಮೀನು, ಮೇಲಿನ ಒಂದು ಹಿಡಿ, ಆರಿಸಿದ ಇಪ್ಪತ್ತು ದೀಪ. ನಿನ್ನ ಗಂಡನಿಗೆ ಸಿಟ್ಟಿರಲಿಲ್ಲ, ಕಾಗೆಗೆ ಹಸಿವಿರಲಿಲ್ಲ ಅಂದೆ. ಅವಳು ದೀಪವನ್ನು ತಿರುಗಿಸಿ ನೋಡಿದಳು, ಗುಂಡಿ ಒತ್ತಿ ಆರಿಸಿದಳು, ಕೂತಳು.

"ಅಂಗಾದ್ರೆ ಆಣೆ ಲೆಕ್ಕಕ್ಕಿಲ್ಲ ಅನ್ನು. ಇವು ಬಂದಿದ್ದು ನಿನ್ ದೀಪಕ್ಕೆ."

ಹೌದು ಅಂದೆ. ಕಾಗದ ಟ್ರಂಕಿಗೆ ಹೋಯಿತು ಎಂದುಕೊಂಡು ಕೆಳಗೆ ಹೋಗಿ ಅವಳಿಗೆ ಬಡಿಸಿಕೊಂಡು ಬಂದೆ. ಮುದ್ದೆ ಮುರಿದು ನಾಲ್ಕು ತುತ್ತು ನುಂಗಿದಳು, ಕೈಯ ನಡುಕ ನಿಂತಿತು. ಕಾಗೆಗಳು ಬೀಡಿ ಕಟ್ಟನ್ನು ಪರೀಕ್ಷೆ ಮಾಡುತ್ತಿದ್ದವು. ಐದನೇ ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಅವಳು ಹೊಳೆಯ ಕಡೆ ನೋಡುತ್ತ ಮಾತಾಡಿದಳು.

"ಬೆಳಗಿಂದ ಆಕಾಸ ನೋಡ್ತಾ ಕುಂತಿದ್ನಲ್ಲ ಕೆಂಪಿ. ಒಂದ್ ರೆಕ್ಕೆ ಸದ್ದಾದ್ರೆ ಸಾಕು, ಬಂದ್ರೇನೋ ಅಂತ ಎದೆ ಹೊಡ್ಕೊಳದು. ಒಂದೇ ದಿನುಕ್ಕೆ ನಂಗೆ ಹಿಂಗಾಯ್ತು. ನಿಂಗಿ ಹನ್ನೊಂದು ವರ್ಸದಿಂದ ಹಿಂಗೇ ಬಾಗ್ಲು ನೋಡ್ತಾವ್ಳೇನೋ. ಅವತ್ತು ಮಣ್ಣಿಗೆ ಬಂದೋಳು ಬೀದೀಲಿ ನಿಂತೇ ಇದ್ಲು. ನಾನು ಒಂದು ಕಣ್ಣೆತ್ತಿ ನೋಡಿದ್ರೆ ಒಳೀಕೆ ಬರೋಳು."

ತುತ್ತು ಬಾಯಿಗೆ ಹೋಯಿತು. ನುಂಗಿ, ತಟ್ಟೆಯನ್ನು ನನ್ನ ಕಡೆ ಚಾಚಿದಳು.

"ಸಾರು ಒಸಿ ಹಾಕು," ಅಂದಳು. "ನಾಳೆ ಅಂಚೆಡಬ್ಬಿಗಂಟ ನಡೀಬೇಕು."

ಮರುದಿನ ಎಂಟು ಗಂಟೆಗೆ ಟ್ರಂಕು ತೆಗೆದಳು. ಸೀರೆಗಳ ಕೆಳಗೆ, ನುಸಿಗುಳಿಗೆ ವಾಸನೆಯ ನೀಲಿ ಇನ್‌ಲ್ಯಾಂಡ್ ಕಾಗದ. ಮಡಿಕೆಗಳು ಹಳದಿಯಾಗಿದ್ದವು, ಗುಂಡುಗುಂಡಾದ ಹೊಸ ಕಲಿಕೆಯ ಅಕ್ಷರ. ತಂಗಿ ನಿಂಗಾಜಮ್ಮನಿಗೆ ಅಕ್ಕನ ಆಶೀರ್ವಾದಗಳು, ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ. ಪತ್ರಿಕೆಯನ್ನು ಕಂಡಕ್ಟರ್ ಕೈಲಿ ಕಳಿಸಿದ್ದಕ್ಕೆ ನನಗೆ ಸಿಟ್ಟು ಬಂತು, ನಿನ್ನ ಮಗಳನ್ನು ಹಸೆಯ ಮೇಲೆ ನೋಡಲಿಲ್ಲ ಎಂದು ಈಗ ದುಃಖವಾಗುತ್ತದೆ. ಅಷ್ಟೇ ಇತ್ತು. ಕೆಳಗೆ ಎರಡು ಬೆರಳು ಜಾಗ ಉಳಿದಿತ್ತು. ಮಂಚಕ್ಕ ಕನ್ನಡಕ ಹಾಕಿ, ನನ್ನ ಪೆನ್ನು ಇಸಿದುಕೊಂಡು, ನಾಲಿಗೆಯ ತುದಿ ಕಚ್ಚಿಕೊಂಡು ಇನ್ನೊಂದು ಸಾಲು ಬರೆದಳು. ಬಾಗಿಲು ತೆಗೆದಿದೆ, ಬಾ.

ಇಷ್ಟು ಹಳೆಯ ಕಾಗದ ಹೋಗುತ್ತದೋ ಇಲ್ಲವೋ ಎಂದು ಅಂಗಡಿಯಲ್ಲಿ ಒಂದು ಲಕೋಟೆ ಕೊಂಡು ಅದರೊಳಗಿಟ್ಟೆವು. ಅಂಚೆ ಕಚೇರಿಯ ಬೇವಿನಮರದಡಿ ಕೆಂಪು ಡಬ್ಬಿ ನಿಂತಿತ್ತು. ಹೊಳೆಯ ಕಡೆ ಗೂಡುಗಳ ದೀಪ ಮತ್ತೆ ಹೊತ್ತಿದ್ದವು. ಮಂಚಕ್ಕ ಲಕೋಟೆಯನ್ನು ಅರ್ಧ ಒಳಗೆ ತೂರಿಸಿ ನಿಂತಳು.

"ಬತ್ತಾಳಾ ಕೆಂಪಿ?"

"ಗೊತ್ತಿಲ್ಲ ಮಂಚಕ್ಕ."

ಅವಳು ಡಬ್ಬಿಯನ್ನು ಮೇಲಿಂದ ಕೆಳಗೆ ನೋಡಿದಳು. ಅದರ ಮೇಲೆ ಹಸಿರು ದೀಪವಿರಲಿಲ್ಲ, ಕೆಂಪು ಬಣ್ಣದ ಹೊರತು ಇನ್ನೇನೂ ಇರಲಿಲ್ಲ. ಬೆರಳಿನಿಂದ ಲಕೋಟೆಯನ್ನು ಮುಂದಕ್ಕೆ ತಳ್ಳಿದಳು. ಒಳಗೆ ಅದು ಬೇರೆ ಕಾಗದಗಳ ಮೇಲೆ ಬಿದ್ದ ಸಣ್ಣ ಸದ್ದು ಇಬ್ಬರಿಗೂ ಕೇಳಿತು. ಹೊಳೆಗೆ ಬಿಟ್ಟ ಹರಿಗೋಲಿನ ಅಂಚನ್ನು ಬೋರಯ್ಯ ತಟ್ಟುತ್ತಿದ್ದ ಹಾಗೆ ಅವಳು ಡಬ್ಬಿಯನ್ನು ಎರಡು ಸಲ ತಟ್ಟಿದಳು.